ಸ್ಪ್ರಿಂಗಿಗೂ ವಯಸ್ಸಾಗುತ್ತದೆ

ಎಂಜಿನ್ನಿನ ಮಾತು ಬಂದರೆ ಹೊಗಳಿಕೆಯೆಲ್ಲ ಪಿಸ್ಟನ್ನಿಗೆ, ಇಲ್ಲವೇ ಕ್ಯಾಮಿಗೆ. ಆದರೆ ಕ್ಯಾಮಿಗೆ ಗೊತ್ತಿರುವುದು ವಾಲ್ವನ್ನು ತಳ್ಳಿ ತೆರೆಯುವುದಷ್ಟೇ. ಅದನ್ನು ಮುಚ್ಚಿಸುವುದು ಸ್ಪ್ರಿಂಗು. ಎಂಜಿನ್ನು ನಿಮಿಷಕ್ಕೆ 6000 ಸುತ್ತು ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಇಷ್ಟು ದುಡಿದೂ ಹೆಸರಿಲ್ಲದ ಈ ಸುರುಳಿಯ ಮೇಲೆ ನನಗೆ ವಿಪರೀತ ಮೋಹ.

ಚಿತ್ರದುರ್ಗದ ಚಂದ್ರವಳ್ಳಿಗೆ ಬಂದವರು ಮಯೂರಶರ್ಮನ ಶಾಸನ ನೋಡಿ, ಅಂಕಲಿ ಮಠದ ಗುಹೆಗಿಳಿಯುತ್ತಾರೆ. ಅದೇ ಹಾದಿಯ ನಮ್ಮ ಶೆಡ್ಡಿನಲ್ಲಿ ನಾನು ಮಾರುತಿ ಜಿಪ್ಸಿಯ ಸಿಲಿಂಡರ್ ಹೆಡ್ ಇಳಿಸಿಕೊಂಡು ಕೂತಿರುತ್ತೇನೆ. ರ‍್ಯಾಲಿಗೆ ಹೆಸರಾದ ಗಾಡಿ. 1298 ಸಿಸಿ, ಹದಿನಾರು ವಾಲ್ವು. ಸ್ಪ್ರಿಂಗ್ ಸೋತರೆ ಪೇಟೆಯೊಳಗೆ ಗೊತ್ತೇ ಆಗುವುದಿಲ್ಲ. ಜೋಗಿಮಟ್ಟಿಯ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಪೂರಾ ಒತ್ತಿದಾಗ ವಾಲ್ವು ಕ್ಯಾಮಿನ ವೇಗಕ್ಕೆ ಒಗ್ಗದೆ ತೇಲುತ್ತದೆ, ಎಂಜಿನ್ನು ಮಿಸ್ ಹೊಡೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೇ ಬಡಿದು ಬಾಗುವುದೂ ಉಂಟು. ಮೈಸೂರಿನ ಹಳೆಯ ಯೆಜ್ಡಿ ಬೈಕು ಇಟ್ಟುಕೊಂಡವರು ಪುಣ್ಯವಂತರು. ಆ ಟೂ ಸ್ಟ್ರೋಕಿಗೆ ಇಂಥ ವಾಲ್ವೂ ಇಲ್ಲ, ಸ್ಪ್ರಿಂಗೂ ಇಲ್ಲ!

ನನ್ನ ಇಷ್ಟದ ಗಳಿಗೆ ಲಾಕ್ ಬಿಚ್ಚುವುದು. ಕ್ಲ್ಯಾಂಪ್ ಹಾಕಿ ಮೆಲ್ಲಗೆ ತಿರುಗಿಸಿದರೆ ಸ್ಪ್ರಿಂಗ್ ಅದುಮಿಕೊಂಡು ಕೂರುತ್ತದೆ. ವಾಲ್ವಿನ ಕತ್ತಿನಲ್ಲಿ ಅವರೆ ಸಿಪ್ಪೆಯಂಥ ಎರಡು ಹೋಳು, ಅಂದರೆ ಲಾಕುಗಳು, ಸಡಿಲಾಗುತ್ತವೆ. ಅಯಸ್ಕಾಂತದ ಕಡ್ಡಿ ಮುಟ್ಟಿಸಿದರೆ ಟಕ್ಕನೆ ಅಂಟಿ ಬರುತ್ತವೆ. ಹೊರಬಂದ ಸ್ಪ್ರಿಂಗನ್ನು ಒರೆಸಿ, ಗಾಜಿನ ಮೇಲೆ ನಿಲ್ಲಿಸಿ, ಮೂಲೆಮಟ್ಟ ಹಿಡಿದು ಓರೆ ನೋಡಬೇಕು. ವರ್ನಿಯರ್ ಹಿಡಿದು ಎತ್ತರ ಅಳೆಯಬೇಕು. ಎತ್ತರ ಸರಿಯಿದ್ದೂ ಬಲ ಕುಂದಿರಬಹುದು, ಅದಕ್ಕೆ ಟೆಸ್ಟರ್ ಬೇಕು.

ಜೋಡಿಸುವಾಗ ಮೊದಲು ಹೊಸ ಆಯಿಲ್ ಸೀಲ್. ಸುರುಳಿಯ ಅಂತರ ಒಂದೇ ಸಮನಿಲ್ಲದ ಸ್ಪ್ರಿಂಗಾದರೆ ಒತ್ತೊತ್ತಾದ ಕಡೆ ಹೆಡ್ಡಿಗೆ ಬರಬೇಕು. ಲಾಕ್ ಜಾರದಂತೆ ಚೂರು ಗ್ರೀಸ್ ಸವರಬೇಕು. ಕೊನೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ವಾಲ್ವಿನ ಕಾಂಡದ ತುದಿಗೆ ಒಂದೆರಡು ಮೆಲುವಾದ ಏಟು. ಲಾಕ್ ಸರಿಯಾಗಿ ಕೂತಿತೋ ಇಲ್ಲವೋ ಆಗಲೇ ತಿಳಿಯುತ್ತದೆ.

“ಸಾರ್, ಹೋಗಿರೋದು ಒಂದು. ಹದಿನಾರೂ ಯಾಕೆ ಬದಲಾಯಿಸ್ತೀರಿ?” ಎಂದು ಮೇಸ್ತ್ರಿ ಕೇಳುತ್ತಾನೆ. ಉಳಿದ ಹದಿನೈದೂ ಅಷ್ಟೇ ದೂರ ಓಡಿವೆಯಲ್ಲ! ಇನ್ನು ಕೆಲವರು ಹೆಚ್ಚು ಗಟ್ಟಿಯದು ಹಾಕಿದರೆ ಹೆಚ್ಚು ಪವರ್ ಎಂದುಕೊಳ್ಳುತ್ತಾರೆ. ಬೇಡದ ಬಿಗಿ ಕ್ಯಾಮನ್ನೂ ರಾಕರನ್ನೂ ಸವೆಸುತ್ತದೆ, ಅಷ್ಟೇ. ನಿಮ್ಮ ಗಾಡಿಯ ಹೆಡ್ ಎಂದಾದರೂ ಇಳಿದರೆ ಸ್ಪ್ರಿಂಗುಗಳನ್ನು ಅಳೆಸದೆ ಮಾತ್ರ ಮೇಲೇರಿಸಬೇಡಿ. ಬದಲಾಯಿಸುವುದಾದರೆ ಪೂರಾ ಸೆಟ್ಟನ್ನೇ ಬದಲಾಯಿಸಿ.