ವೈದ್ಯಳಾಗುವುದೇಕೆ?

ತನ್ನನ್ನು ತಾನು ಹೊಗಳಿಕೊಳ್ಳುವುದು ಸಲ್ಲದೆಂಬ ಮಾತನ್ನು ಕೇಳುತ್ತ ಬೆಳೆದ ಮನೆತನಗಳು ನಮ್ಮವು. ಶರಣರು ತಮ್ಮ ಕುಂದುಗಳನ್ನು ತಾವೇ ಎತ್ತಿ ಆಡಿದರಲ್ಲದೆ ತಮ್ಮ ಹಿರಿಮೆಯನ್ನು ಸಾರಿಕೊಂಡವರಲ್ಲ. ಇಂಥ ಮನೆಯ ಮಗುವೊಂದು ‘ನಾನು ಇಂಥವಳು, ಆದುದರಿಂದ ನನ್ನನ್ನು ಆರಿಸಿರಿ’ ಎಂದು ಬರೆದುಕೊಡಬೇಕಾಗಿ ಬಂದರೆ ಏನು ಮಾಡಬೇಕು? 2025ರ ಶ್ರಾವಣದಲ್ಲಿ ಈ ಪ್ರಶ್ನೆ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತಿತು.

ನಾವು ಮೂಲತಃ ಧಾರವಾಡ ಸೀಮೆಯವರು. ಶಿಕ್ಷಕವೃತ್ತಿಯ ನಿಮಿತ್ತ ಬ್ರಹ್ಮಾವರಕ್ಕೆ ಬಂದು, ಈ ಕಡೆಯ ಮಳೆಗೂ ಕುಂದಾಪ್ರ ಕನ್ನಡಕ್ಕೂ ಒಗ್ಗಿ, ನಿವೃತ್ತಿಯ ನಂತರ ಇಲ್ಲಿಯೇ ನೆಲೆನಿಂತವರು. ಮಗಳ ಸಂಸಾರ ಇಂಗ್ಲೆಂಡಿನಲ್ಲಿದೆ. ಮೊಮ್ಮಗಳು ಪ್ರತಿವರ್ಷ ಶಾಲೆಯ ಬೇಸಿಗೆ ರಜೆಗೆ, ಎಂದರೆ ನಮ್ಮ ಮಳೆಗಾಲಕ್ಕೆ, ಇಲ್ಲಿಗೆ ಬರುತ್ತಾಳೆ. ಆಕೆಗೆ ವೈದ್ಯಳಾಗುವ ಹಂಬಲ.

ನಮ್ಮ ಊರಿನಿಂದ ಮಣಿಪಾಲ ದೂರವಲ್ಲ. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ, ಡಾಕ್ಟರಾಗಬೇಕೆನ್ನುವ ಮಕ್ಕಳು ಈ ಸೀಮೆಯ ಮನೆಮನೆಯಲ್ಲಿಯೂ ಇದ್ದಾರೆ. ನಮ್ಮ ಸಮಾಜದ ಹಿರಿಯರೂ ಬೆಳಗಾವಿ, ದಾವಣಗೆರೆ, ಮೈಸೂರುಗಳಲ್ಲಿ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದರು. ಆದರೆ ನಮ್ಮ ದೇಶದಲ್ಲಿ ವೈದ್ಯಕೀಯ ಸೀಟು ಬೇಡುವ ವಿದ್ಯಾರ್ಥಿಯನ್ನು ‘ನೀನು ವೈದ್ಯನಾಗುವುದೇಕೆ?’ ಎಂದು ಯಾರೂ ಕೇಳುವುದಿಲ್ಲ. ನೀಟ್ ಪರೀಕ್ಷೆಯ 180 ಪ್ರಶ್ನೆಗಳಿಗೆ 720 ಅಂಕ. ಸರಿಯುತ್ತರಕ್ಕೆ ನಾಲ್ಕು ಅಂಕ ಬಂದರೆ, ತಪ್ಪುತ್ತರಕ್ಕೆ ಒಂದು ಹೋಗುತ್ತದೆ. ಆ ಎಣಿಕೆಯೇ ನಿರ್ಣಯ. ಲಕ್ಷಾಂತರ ಮಕ್ಕಳನ್ನು ಪಕ್ಷಪಾತವಿಲ್ಲದೆ ಅಳೆಯಲು ಇದಕ್ಕಿಂತ ಬೇರೆ ದಾರಿ ಸುಲಭವಲ್ಲವೆಂಬುದೂ ನಿಜವೇ.

ಇಂಗ್ಲೆಂಡಿನಲ್ಲಿ ಕ್ರಮ ಬೇರೆ. ಅಂಕಗಳೂ ಬೇಕು, ಪ್ರವೇಶಪರೀಕ್ಷೆಯೂ ಬೇಕು; ಅವುಗಳೊಡನೆ ತನ್ನ ಬಗೆಗಿನ ಒಂದು ಬರಹವೂ ಬೇಕು. ಅರ್ಜಿಗಳನ್ನು ಸ್ವೀಕರಿಸುವ ಯೂಕಾಸ್ ಎಂಬ ಸಂಸ್ಥೆ ಅದಕ್ಕೆ 4,000 ಅಕ್ಷರಗಳ ಮಿತಿ ಇಟ್ಟಿದೆ. ಪದಗಳ ನಡುವಿನ ತೆರವೂ ಲೆಕ್ಕಕ್ಕೆ ಸೇರುತ್ತದೆ. 2026ರಲ್ಲಿ ಕಾಲೇಜು ಸೇರುವವರಿಂದ ಮೊದಲ್ಗೊಂಡು ಆ ಬರಹವನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಈ ವಿಷಯವನ್ನು ಓದಬಯಸುವುದೇಕೆ? ಈವರೆಗಿನ ವಿದ್ಯಾಭ್ಯಾಸ ಅದಕ್ಕೆ ಹೇಗೆ ಅಣಿಗೊಳಿಸಿದೆ? ಶಾಲೆಯ ಹೊರಗೆ ಏನು ಮಾಡಿದ್ದೀ, ಅದರಿಂದ ಏನು ಪ್ರಯೋಜನ? ವೈದ್ಯಕೀಯಕ್ಕೆ ಅರ್ಜಿ ಹಾಕುವವರು ನಾಲ್ಕು ವೈದ್ಯಕೀಯ ಕಾಲೇಜುಗಳನ್ನಷ್ಟೆ ಆರಿಸಿಕೊಂಡು, ಅಕ್ಟೋಬರ್ 15ರೊಳಗೆ ಕಳುಹಿಸಬೇಕು. ನಾಲ್ಕೂ ಕಡೆಗೆ ಹೋಗುವುದು ಒಂದೇ ಬರಹ.

ಮೊಮ್ಮಗಳು ಮೊದಲ ಕರಡನ್ನು ನಮಗೆ ಓದಿ ಹೇಳಿದಳು. ಕೇಳುತ್ತ ಕೇಳುತ್ತ ನಾವು ಬೆರಗಾದೆವು. ಮೃತ್ಯುಮುಖದಲ್ಲಿದ್ದ ಅಜ್ಜನೊಬ್ಬನ ಕೈಹಿಡಿದು ಇರುಳೆಲ್ಲ ಕುಳಿತ ಬಾಲಕಿಯೊಬ್ಬಳು ಆಗಲೇ ವೈದ್ಯಳಾಗುವ ಪಣ ತೊಟ್ಟ ಕಥೆ ಅದು. ಆ ಅಜ್ಜ ನಾವೇ!

2024ರ ಆಗಸ್ಟಿನಲ್ಲಿ ನಮಗೆ ಎದೆನೋವು ಬಂದು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡುದು ನಿಜ. ಆದರೆ ಮೊಮ್ಮಗಳು ಇರುಳೆಲ್ಲ ಕೈಹಿಡಿದು ಕುಳಿತಿರಲಿಲ್ಲ. ಮೂಗಿನ ನಳಿಕೆ, ಗೋಡೆಯ ಮೇಲೆ ಮಿನುಗುವ ಯಂತ್ರ ಇವುಗಳನ್ನು ಕಂಡು ಹೆದರಿ ಹೊರಗೆ ಓಡಿದ್ದಳು. ಹದಿನಾರರ ಹುಡುಗಿ, ಅದರಲ್ಲಿ ತಪ್ಪೇನೂ ಇಲ್ಲ. “ಹೀಗೇಕೆ ಬರೆದೆಯವ್ವಾ?” ಎಂದು ಕೇಳಿದೆವು. “ಎಲ್ಲರೂ ಹೀಗೇ ಬರೀತಾರೆ, ಅಜ್ಜಾ” ಎಂದಳು.

ಆಕೆಯ ಮಾತು ಸುಳ್ಳಲ್ಲ. 2007ರಲ್ಲಿ ಯೂಕಾಸ್ ಸಂಸ್ಥೆ ಇಂಥ ಐವತ್ತು ಸಾವಿರದಷ್ಟು ಬರಹಗಳನ್ನು ಗಣಕಯಂತ್ರದ ಮೂಲಕ ತಾಳೆ ನೋಡಿಸಿತಂತೆ. ಎಂಟನೆಯ ಹುಟ್ಟುಹಬ್ಬದಂದು ರಾಸಾಯನಿಕಗಳ ಆಟಿಕೆಯಿಂದ ಪ್ರಯೋಗಮಾಡಹೋಗಿ ಪಾಯಿಜಾಮ ಸುಟ್ಟುಕೊಂಡ ಪ್ರಸಂಗ 234 ಅರ್ಜಿಗಳಲ್ಲಿ ಸಿಕ್ಕಿತು! ವಯಸ್ಸಾದ, ನಿಶ್ಶಕ್ತನಾದ ಅಜ್ಜನೂ ನೂರಕ್ಕೆ ಮೇಲ್ಪಟ್ಟ ಅರ್ಜಿಗಳಲ್ಲಿ ಕಾಣಿಸಿಕೊಂಡಿದ್ದ. ಮಾದರಿ ಬರಹಗಳನ್ನು ನೋಡಿ ನಕಲು ಮಾಡಿದ್ದರು. ಈಗಲೂ ಪ್ರತಿಯೊಂದು ಬರಹವನ್ನು ಹೀಗೆ ತಾಳೆ ನೋಡುತ್ತಾರೆ. ಇದು ನನ್ನದೇ ಬರಹ, ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದಲ್ಲ ಎಂದು ವಿದ್ಯಾರ್ಥಿ ಒಪ್ಪಿಗೆ ಬರೆದುಕೊಡಬೇಕು.

ಹಾಗಾದರೆ ನಿಜವಾಗಿ ನಡೆದುದೇನು? ಆಸ್ಪತ್ರೆಯಿಂದ ಮರಳಿದಾಗ ನಮ್ಮೊಡನೆ ಐದು ಬಗೆಯ ಗುಳಿಗೆಗಳು ಬಂದವು. ಚೀಟಿಯೆಲ್ಲ ಇಂಗ್ಲಿಷಿನಲ್ಲಿ, ನಮ್ಮ ಮನೆಯವರಿಗೆ ಕನ್ನಡವಲ್ಲದೆ ಬೇರೆ ಓದಲು ಬಾರದು. ನಮಗೋ ಕಣ್ಣು ಬಿಟ್ಟು ನೋಡುವಷ್ಟೂ ತ್ರಾಣವಿರಲಿಲ್ಲ. ಆಗ ಮೊಮ್ಮಗಳು ಹಳೆಯ ಪತ್ರಿಕೆಯ ಹಾಳೆಯಿಂದ ಪೊಟ್ಟಣಗಳನ್ನು ಮಾಡಿ, ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಎಂದು ಚಿತ್ರ ಬರೆದು, ತನ್ನ ಸೊಟ್ಟ ಕನ್ನಡ ಅಕ್ಷರಗಳಲ್ಲಿ ‘ಊಟದ ಮುಂಚೆ’, ‘ಊಟದ ನಂತರ’ ಎಂದು ಬರೆದಳು. ಎಲ್ಲರೂ ಮೆಚ್ಚಿದೆವು.

ಮೂರನೆಯ ದಿನ ರಾತ್ರಿ ಗುಳಿಗೆ ಕೊಡಬಂದ ಮನೆಯವರು ತಡೆದು ನಿಂತರು. “ರಾತ್ರಿಯದು ಬಿಳಿಯದು ಅಂತ ಆಸ್ಪತ್ರೆಯ ಸಿಸ್ಟರ್ ತೋರಿಸಿದ್ದರಲ್ಲ; ಇದು ಕೆಂಪಗಿದೆ” ಎಂದರು. ಹೊಸ ಪಟ್ಟಿ ತಂದು ತುಂಬುವಾಗ ಮೊಮ್ಮಗಳು ಒಂದು ಗುಳಿಗೆಯನ್ನು ಅದಲುಬದಲು ಮಾಡಿದ್ದಳು. ನುಂಗಿರಲಿಲ್ಲವಾದುದರಿಂದ ಅನರ್ಥವಾಗಲಿಲ್ಲ. ಹುಡುಗಿಯ ಮುಖ ಮಾತ್ರ ಬೆಳ್ಳಗಾಯಿತು. ಮರುದಿನ ಸುರಿಯುವ ಮಳೆಯಲ್ಲಿ ಚೀಟಿ, ಗುಳಿಗೆಗಳೆಲ್ಲವನ್ನೂ ಹಿಡಿದು ಪೇಟೆಯ ಔಷಧದಂಗಡಿಗೆ ಹೋಗಿ, ಒಂದೊಂದನ್ನೂ ಕೇಳಿ ತಿಳಿದು, ಪೊಟ್ಟಣಗಳ ಮೇಲೆ ಗುಳಿಗೆಯ ಬಣ್ಣ, ಆಕಾರಗಳನ್ನೂ ಬರೆದಳು. ಆಮೇಲೆ ಅಜ್ಜಿಯನ್ನು ಕೂರಿಸಿಕೊಂಡು, “ಈಗ ನೀವು ನನಗೆ ಹೇಳಿ” ಎಂದು ಅವರ ಬಾಯಿಂದಲೇ ಎಲ್ಲವನ್ನೂ ಎರಡು ಸಲ ಹೇಳಿಸಿದಳು. ರೋಗಿಗೆ ತಿಳಿಸಿದ್ದನ್ನು ರೋಗಿಯಿಂದಲೇ ತಿರುಗಿ ಹೇಳಿಸಿ ನೋಡುವ ಈ ಪದ್ಧತಿಯನ್ನು ವೈದ್ಯರಿಗೂ ದಾದಿಯರಿಗೂ ಕಲಿಸುತ್ತಾರೆಂಬುದು ಆಕೆಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

“ಇದನ್ನೇ ಬರೆ” ಎಂದೆವು ನಾವು. ದೂರವಾಣಿಯಲ್ಲಿದ್ದ ಮಗಳು ಗಾಬರಿಯಾದಳು. “ಅಪ್ಪಾ, ಗುಳಿಗೆ ತಪ್ಪಿಸಿದೆ ಅಂತ ಬರೆದವಳಿಗೆ ಯಾರು ಸೀಟು ಕೊಡ್ತಾರೆ? ನಾಲ್ಕೇ ಅವಕಾಶ. ನಿಮ್ಮ ಆದರ್ಶಕ್ಕೆ ಅವಳ ಒಂದು ವರ್ಷ ಹೋಗಬಾರದು” ಎಂದಳು. ತಾಯಿಯ ಭಯ ತಾಯಿಗೆ. ನಮಗೂ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮಗುವಿನ ಭವಿಷ್ಯವನ್ನು ಪಣವಿಟ್ಟು ಸತ್ಯ ಹೇಳಿಸುವ ಅಧಿಕಾರ ಅಜ್ಜನಾದವನಿಗೆ ಉಂಟೆ? ಬೆಳಗಾಗುವ ಹೊತ್ತಿಗೆ, ತೀರ್ಮಾನ ನಮ್ಮದಲ್ಲ, ಆಕೆಯದು ಎಂದು ಸುಮ್ಮನಾದೆವು.

ಎರಡು ದಿನ ಮೊಮ್ಮಗಳು ಏನನ್ನೂ ಬರೆಯಲಿಲ್ಲ. ಮೂರನೆಯ ದಿನ ಬಂದು ಹೇಳಿದಳು: “ಅಜ್ಜಾ, ಅಲ್ಲಿನ ಮೆಡಿಕಲ್ ಕೌನ್ಸಿಲ್ ಡಾಕ್ಟರುಗಳಿಗೆ ಒಂದು ನಿಯಮ ಮಾಡಿದೆ. ಚಿಕಿತ್ಸೆಯಲ್ಲಿ ತಪ್ಪಾದರೆ ರೋಗಿಗೆ ಮುಚ್ಚಿಡದೆ ಹೇಳಬೇಕು, ಕ್ಷಮೆ ಕೇಳಬೇಕು. ಈಗಲೇ ಮುಚ್ಚಿಟ್ಟರೆ ಆಮೇಲೆ ಹೇಗೆ ಹೇಳಲಿ?” ಹೊಸ ಕರಡಿನಲ್ಲಿ ಸಾಯುವ ಅಜ್ಜ ಇರಲಿಲ್ಲ. ಹೆದರಿ ಓಡಿದ ಹುಡುಗಿ ಇದ್ದಳು. ಬದಲಾದ ಗುಳಿಗೆ ಇತ್ತು. ಅದನ್ನು ಹಿಡಿದ ಅಜ್ಜಿ ಇದ್ದರು. ರೋಗಿಯ ಮನೆಯವರ ಮಾತಿಗೆ ಕಿವಿಗೊಡಬೇಕೆಂಬುದನ್ನು ತಾನು ಆ ರಾತ್ರಿ ಕಲಿತೆನೆಂದು ಬರೆದಿದ್ದಳು. ಅಲ್ಲೊಂದು ವೃದ್ಧಾಶ್ರಮದಲ್ಲಿ ವಾರಕ್ಕೊಮ್ಮೆ ಹೋಗಿ ಸೇವೆ ಮಾಡುವುದನ್ನೂ ಎರಡೇ ಸಾಲಿನಲ್ಲಿ ಹೇಳಿದ್ದಳು. ಆತ್ಮಸ್ತುತಿ ಎನ್ನಬಹುದಾದ ಮಾತು ಹುಡುಕಿದರೂ ಸಿಗಲಿಲ್ಲ. ಮಾಡಿದ ಕೆಲಸವನ್ನು ಮಾಡಿದಷ್ಟೇ ಹೇಳಿದರೆ ಅದು ಸ್ತುತಿಯಾಗುವುದಿಲ್ಲವೆಂಬುದು ನಮಗೆ ಆಗ ಹೊಳೆಯಿತು.

ಅರ್ಜಿ ಹೋಯಿತು. ಎರಡು ಕಡೆಯಿಂದ ಇಲ್ಲವೆಂಬ ಉತ್ತರ ಬಂತು. ಆ ದಿನಗಳಲ್ಲಿ ಮಗಳೊಡನೆ ಮಾತನಾಡಲು ನಮಗೆ ಅಳುಕಾಗುತ್ತಿತ್ತು. ಮೂರನೆಯ ಕಾಲೇಜು ಸಂದರ್ಶನಕ್ಕೆ ಕರೆಯಿತು. ಅಲ್ಲಿ ಮೊದಲು ಕೇಳಿದುದು, “ಅಂದು ನಿನ್ನ ಅಜ್ಜಿ ತಡೆಯದಿದ್ದರೆ?” ಎಂದು. ಮೊಮ್ಮಗಳಿಗೆ ಕ್ಷಣಕಾಲ ಮಾತು ಹೊರಡಲಿಲ್ಲವಂತೆ. ಅನಂತರ, “ಅದನ್ನು ಎಣಿಸಿದರೆ ಈಗಲೂ ಹೆದರಿಕೆಯಾಗುತ್ತದೆ” ಎಂದಳಂತೆ. ಸೀಟು ಸಿಕ್ಕಿತೆ ಎಂದು ಓದುಗ ಬಂಧುಗಳು ಕೇಳಬಹುದು. ಅಂತಿಮ ಪರೀಕ್ಷೆಯಲ್ಲಿ ಇಂತಿಷ್ಟು ದರ್ಜೆ ಬಂದರೆ ಕೊಡುವೆವು ಎಂಬ ಷರತ್ತಿನ ಮೇಲೆ ಸಿಕ್ಕಿತು. ಷರತ್ತನ್ನು ಪೂರೈಸುವ ಹೊಣೆ ಆಕೆಯದು.

ನಮ್ಮ ಮನೆಗಳಲ್ಲಿ ನೀಟ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಈ ಬರಹದ ಗೊಡವೆ ಇಲ್ಲ. ಆದರೂ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಅರ್ಜಿ ತುಂಬುವ ಮೊದಲು ಒಂದು ಸಂಜೆ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು, ‘ವೈದ್ಯನಾಗುವುದೇಕೆ?’ ಎಂದು ಬರೆಯಹೇಳಿರಿ. ನೀವು ಹೇಳಿಕೊಡಬೇಡಿರಿ, ತಿದ್ದಬೇಡಿರಿ. ‘ಅಪ್ಪ ಹೇಳಿದರು’ ಎಂಬ ಒಂದೇ ಸಾಲು ಬಂದರೆ, ಮುಂದಿನ ಮಾತು ಆಡಲು ಆಗಿನ್ನೂ ಸಮಯವಿರುತ್ತದೆ. ವೈದ್ಯವೃತ್ತಿ ಕಾಯಕವಾಗಬೇಕಾದರೆ ಆ ಪ್ರಶ್ನೆಗೆ ಮಗುವಿನದೇ ಆದ ಉತ್ತರ ಬೇಕಲ್ಲವೆ?

ಸೂರ್ಯ ಚಂದ್ರರ ಪೊಟ್ಟಣಗಳು ನಮ್ಮ ಗೂಡಿನಲ್ಲಿ ಇನ್ನೂ ಇವೆ. ಕಾಗದ ಹರಿದಾಗಲೆಲ್ಲ ಮನೆಯವರು ಹೊಸತು ಮಾಡಿ, ಚಿತ್ರವನ್ನು ತಾವೇ ಬರೆಯುತ್ತಾರೆ.