ದೊಡ್ಡಪ್ಪನ ಕಾರಿನ ಕ್ಲಚ್ಚು

ಮೊದಲೇ ಹೇಳಿಬಿಡ್ತೀವಿ: ಈ ಲೇಖನದಲ್ಲಿ ‘ನಾವು’ ಅಂದ್ರೆ ಇಬ್ಬರು. ನಾವು ಅವಳಿ. ಒಬ್ಬರು ಮೆಕ್ಯಾನಿಕಲ್, ಇನ್ನೊಬ್ಬರು ಸಿಎಸ್, ಇಬ್ಬರೂ ಎರಡನೇ ವರ್ಷ. ಟೈಪ್ ಮಾಡ್ತಿರೋದು ಒಬ್ಬರೇ ಆದ್ರೂ ಕೈಗೆ ಗ್ರೀಸ್ ಮೆತ್ತಿಕೊಂಡಿದ್ದು ಇಬ್ಬರೂ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಬರೀ ಸೆಕೆಂಡ್ ಲ್ಯಾಂಗ್ವೇಜ್. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಮನೆ ಇರೋದು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ಹತ್ತಿರ. ಹಳೇ ಮನೆ, ಮುಂದೆ ಸಣ್ಣ ಕಾಂಪೌಂಡು. ಅದರಲ್ಲಿ ಒಂದು ಮಾವಿನ ಮರ, ಮರದ ಕೆಳಗೆ ದೊಡ್ಡಪ್ಪನ ಕಾರು. ಸುಮ್ನೆ ಕಾರಲ್ಲ, ಸ್ಯಾನ್ ಸ್ಟಾರ್ಮ್. ನಮ್ಮ ಕ್ಲಾಸಿನಲ್ಲಿ ಈ ಹೆಸರು ಹೇಳಿದ್ರೆ ಹತ್ತರಲ್ಲಿ ಒಂಬತ್ತು ಜನ ‘ಯಾವ ದೇಶದ್ದು?’ ಅಂತಾರೆ. ನಮ್ಮ ದೇಶದ್ದೇ. 90ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್‌ನವರು ತಯಾರಿಸಿದ ಪುಟ್ಟ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮಡಚೋ ಟಾಪು, ಫೈಬರ್ ಬಾಡಿ, ಒಳಗೆ ರೆನೋದ 1149 ಸಿಸಿ ಎಂಜಿನ್ನು. ಜಾಸ್ತಿ ತಯಾರಾಗಲಿಲ್ಲ, ಈಗಂತೂ ಇಲ್ಲವೇ ಇಲ್ಲ.

ದೊಡ್ಡಪ್ಪ ಬ್ಯಾಂಕಿನಲ್ಲಿದ್ದವರು. ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮನೆಯವರೆಲ್ಲ ಬೈದಿದ್ರಂತೆ, ‘ಇಷ್ಟು ಜನ ಇರೋ ಮನೆಗೆ ಎರಡು ಸೀಟಿನ ಕಾರಾ?’ ಅಂತ. ಚಿಕ್ಕವರಿದ್ದಾಗ ಒಂದೇ ಸೀಟಿನಲ್ಲಿ ನಾವಿಬ್ಬರೂ ತುರುಕಿಕೊಂಡು ಕೂತು ಲಾಲ್‌ಬಾಗಿಗೆ ಹೋಗ್ತಿದ್ವಿ. ಈಗ ಹಾಗೆ ಆಗಲ್ಲ. ಒಬ್ಬರು ಕಾರಿನಲ್ಲಿ ಕೂತ್ರೆ ಇನ್ನೊಬ್ಬರು ಸ್ಕೂಟರಿನಲ್ಲಿ ಹಿಂದೆ ಬರಬೇಕು.

ಕಡಲೆಕಾಯಿ ಪರಿಷೆ ಮುಗಿದ ವಾರ, ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಹೀಗೇ ಹೋಗ್ತಿದ್ವಿ. ಎಂಜಿನ್ ಸದ್ದು ಏರ್ತಾ ಇದೆ, ಕಾರು ಮಾತ್ರ ಏರ್ತಿಲ್ಲ. ಹಿಂದೆ ಸ್ಕೂಟರಿನಲ್ಲಿದ್ದವರ ಮೂಗಿಗೆ ಸುಟ್ಟ ವಾಸನೆ. ದೊಡ್ಡಪ್ಪ, ‘ಪೆಟ್ರೋಲು ಸರಿ ಇಲ್ಲ ಅನ್ಸುತ್ತೆ’ ಅಂದ್ರು. ಪೆಟ್ರೋಲಲ್ಲ, ಕ್ಲಚ್ಚು ಜಾರ್ತಾ ಇತ್ತು. ಗ್ಯಾರೇಜಿನವರು ಬಂದು ನೋಡಿ, ‘ಸಾಮಾನು ಸಿಗಲ್ಲ ಸರ್, ಬಂದಷ್ಟಕ್ಕೆ ಕೊಟ್ಬಿಡಿ’ ಅಂದ್ರು. ಆವತ್ತು ರಾತ್ರಿ ದೊಡ್ಡಪ್ಪ ಊಟ ಸರಿಯಾಗಿ ಮಾಡಲಿಲ್ಲ. ನಾವೇ ಹಾಕ್ತೀವಿ ಅಂತ ಹೇಳಿಬಿಟ್ವಿ. ಹೇಳೋದು ಸುಲಭ ನೋಡಿ.

ಕ್ಲಚ್ ಏನು ಮಾಡುತ್ತೆ ಅಂತ ಬೇರೆ ಬ್ರಾಂಚಿನವರಿಗಾಗಿ ಒಂದು ಪ್ಯಾರಾ. ಎರಡು ಅಂಗೈ ನಡುವೆ ಒಂದು ರಟ್ಟು ಇಟ್ಟು ಒತ್ತಿ ಹಿಡ್ಕೊಳ್ಳಿ. ಅಂಗೈ ತಿರುಗಿಸಿದ್ರೆ ರಟ್ಟೂ ತಿರುಗುತ್ತೆ. ಒಂದು ಅಂಗೈ ಎಂಜಿನ್ನಿನ ಫ್ಲೈವೀಲ್, ಇನ್ನೊಂದು ಪ್ರೆಷರ್ ಪ್ಲೇಟ್, ರಟ್ಟು ಅಂದ್ರೆ ಗೇರ್‌ಬಾಕ್ಸಿಗೆ ಹೋಗೋ ಕ್ಲಚ್ ಪ್ಲೇಟ್. ಪೆಡಲ್ ತುಳಿದಾಗ ಒತ್ತಡ ಬಿಡುತ್ತೆ, ರಟ್ಟು ಬಿಡುಗಡೆ ಆಗುತ್ತೆ. ಈಗ ಪೂರ್ತಿ ಬಿಡಬೇಡಿ, ಅರ್ಧಂಬರ್ಧ ಹಿಡ್ಕೊಳ್ಳಿ. ರಟ್ಟು ಜಾರುತ್ತೆ, ಉಜ್ಜುತ್ತೆ, ಬಿಸಿಯಾಗುತ್ತೆ, ಸವೆಯುತ್ತೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ರೆ ಆಗೋದೂ ಇದೇ. ಈ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸೆಮ್ ಮುಗಿದ ಮಾರನೇ ದಿನ ಶುರು ಮಾಡಿದ್ವಿ. ಬ್ಯಾಟರಿ ವೈರು ತೆಗೆದು, ಕಾರನ್ನ ಎತ್ತಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ವಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಯಾರು ಏನೇ ಹೇಳಲಿ. ಗೇರ್ ಆಯಿಲ್ ಇಳಿಸಿ, ಕ್ಲಚ್ ಕೇಬಲ್ ಬಿಡಿಸಿ, ಎರಡೂ ಡ್ರೈವ್ ಶಾಫ್ಟ್ ಕಳಚಿದ್ವಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಹಾಕಿ, ಫೋಟೋ ತೆಗೆದಿಟ್ವಿ. (ದೊಡ್ಡಮ್ಮ ಆ ತಟ್ಟೆ ಮತ್ತೆ ಒಳಗೆ ಸೇರಿಸಲಿಲ್ಲ.) ಗೇರ್‌ಬಾಕ್ಸು ಅಕ್ಕಿ ಮೂಟೆಯಷ್ಟು ಭಾರ. ಅಕ್ಕಿ ಮೂಟೆಯಾದ್ರೆ ಅಪ್ಪಿಕೊಂಡು ಎತ್ತಬಹುದು, ಇದಕ್ಕೆ ಹಿಡಿಯೋಕೆ ಜಾಗವೇ ಇಲ್ಲ. ಕೆಳಗೆ ಜಾಕ್ ಕೊಟ್ಟು, ಒಬ್ಬರು ಹಿಡಿದು, ಒಬ್ಬರು ಅಲ್ಲಾಡಿಸಿ ಇಳಿಸೋ ಹೊತ್ತಿಗೆ ಕತ್ತಲಾಗಿತ್ತು. ಒಳಗೆಲ್ಲ ಕಪ್ಪು ಧೂಳು. ಹಳೇ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಅದಕ್ಕೇ ಊದಲಿಲ್ಲ. ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದ್ವಿ.

ಪ್ಲೇಟ್ ಕೈಗೆ ಬಂತು. ಲೈನಿಂಗ್ ಸವೆದು ರಿವೆಟ್ಟಿನ ತಲೆ ಮೇಲಕ್ಕೇ ಬಂದುಬಿಟ್ಟಿತ್ತು. ರಿವೆಟ್ಟು ಯಾವಾಗಲೂ ಲೈನಿಂಗಿಗಿಂತ ಒಳಗಿರಬೇಕು, ಇಲ್ಲದಿದ್ರೆ ಫ್ಲೈವೀಲನ್ನೇ ಕೆರೆದುಬಿಡುತ್ತೆ. ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಕಲೆಗಳು, ಅಂದ್ರೆ ಸಿಕ್ಕಾಪಟ್ಟೆ ಬಿಸಿ ಕಂಡಿದೆ. ರಿಲೀಸ್ ಬೇರಿಂಗ್ ತಿರುಗಿಸಿದ್ರೆ ರಾಗಿ ಬೀಸೋ ಸದ್ದು.

ಎಲ್ಲಾನೂ ಪೇಪರಿನಲ್ಲಿ ಸುತ್ತಿಕೊಂಡು ಜೆ.ಸಿ. ರಸ್ತೆಗೆ ಹೋದ್ವಿ. ಬೆಂಗಳೂರಿನಲ್ಲಿ ಗಾಡಿ ಸಾಮಾನು ಅಂದ್ರೆ ಅದೇ ತಾನೆ. ಕಾರಿನ ಹೆಸರು ಹೇಳಿದ ಕೂಡಲೇ ಎಲ್ಲರೂ ‘ಇಲ್ಲ’ ಅಂದ್ರು. ಆಮೇಲೆ ಬುದ್ಧಿ ಬಂತು. ಹೆಸರು ಹೇಳೋದು ಬಿಟ್ಟು ಬೇರಿಂಗನ್ನೇ ಕೌಂಟರ್ ಮೇಲೆ ಇಟ್ವಿ. ಐದನೇ ಅಂಗಡಿಯವರು ವರ್ನಿಯರ್ ತೆಗೆದು ಒಳ ವ್ಯಾಸ, ಹೊರ ವ್ಯಾಸ, ದಪ್ಪ ಅಳೆದು, ಬೇರೆ ಯಾವುದೋ ಕಾರಿನ ಡಬ್ಬದಿಂದ ಅದೇ ಅಳತೆಯದ್ದು ತೆಗೆದುಕೊಟ್ರು. ಫಸ್ಟ್ ಇಯರ್ ಲ್ಯಾಬಿನಲ್ಲಿ ವರ್ನಿಯರ್ ರೀಡಿಂಗ್ ಪಕ್ಕದವರದ್ದು ನೋಡಿ ಬರೆದಿದ್ದಕ್ಕೆ ಆವತ್ತು ನಾಚಿಕೆ ಆಯ್ತು.

ಪ್ಲೇಟ್ ಮಾತ್ರ ಎಲ್ಲೂ ಹೊಂದಲಿಲ್ಲ. ‘ಹೊಸದು ಯಾಕೆ, ಇದಕ್ಕೇ ಲೈನಿಂಗ್ ಹೊಡೆಸಿ’ ಅಂತ ಕಲಾಸಿಪಾಳ್ಯದ ಕಡೆಯ ಒಂದು ಗಲ್ಲಿಗೆ ಕಳಿಸಿದ್ರು. ಒಂದು ಮಳಿಗೆಯಷ್ಟೇ ಜಾಗ, ಅಲ್ಲೊಬ್ಬರು ವಯಸ್ಸಾದವರು. ಹಳೇ ರಿವೆಟ್ ಕೊರೆದು ತೆಗೆದು, ಹೊಸ ಲೈನಿಂಗ್ ಕೂರಿಸಿ, ಒಂದೊಂದೇ ರಿವೆಟ್ ಬಡಿದ್ರು. ಪ್ರತಿಯೊಂದನ್ನೂ ಬೆರಳಲ್ಲಿ ಸವರಿ ಒಳಗಿದೆಯಾ ಅಂತ ನೋಡ್ತಿದ್ರು. ಮಧ್ಯದಲ್ಲಿ ನಮ್ಮ ಬೇರಿಂಗನ್ನ ಒಂದು ಸಲ ತಿರುಗಿಸಿ, ತಲೆ ಎತ್ತದೇ ಕೇಳಿದ್ರು:

‘ಯಾರು ಮಕ್ಕಳೇ ಗಾಡಿ ಓಡಿಸೋದು?’

‘ನಮ್ಮ ದೊಡ್ಡಪ್ಪ.’

‘ಕ್ಲಚ್ ಮೇಲಿಂದ ಕಾಲೇ ತೆಗೆಯಲ್ವಾ ಅವರು? ಪ್ಲೇಟೂ ಸುಟ್ಟಿದೆ, ಬೇರಿಂಗೂ ಹೋಗಿದೆ. ಎರಡೂ ಒಟ್ಟಿಗೆ ಹೋಗಿದ್ರೆ ಕಾಲಿಂದೇ.’

ನಾವು ನಕ್ಕುಬಿಟ್ವಿ. ನಮಗೆ ಡ್ರೈವಿಂಗ್ ಹೇಳಿಕೊಟ್ಟಿದ್ದೇ ದೊಡ್ಡಪ್ಪ. ‘ಗೇರ್ ಬಿತ್ತಾ? ಎಡಗಾಲು ನೆಲಕ್ಕೆ’ ಅಂತ ತಲೆ ಮೇಲೆ ಮೊಟಕಿ ಕಲಿಸಿದವರು ಅವರು.

ಜೋಡಿಸೋದು ಬಿಚ್ಚೋದಕ್ಕಿಂತ ಕಷ್ಟ. ಪ್ಲೇಟ್ ಸರಿಯಾಗಿ ಮಧ್ಯದಲ್ಲಿ ಕೂರಬೇಕು, ಅದಕ್ಕೊಂದು ಟೂಲ್ ಬೇಕು. ನಮ್ಮ ಹತ್ತಿರ ಇರಲಿಲ್ಲ. ದೊಡ್ಡಮ್ಮನ ಲಟ್ಟಣಿಗೆಯ ಹಿಡಿಕೆಗೆ ಟೇಪ್ ಸುತ್ತಿ ಮಾಡಿದ್ವಿ. ಅಂದಾಜು ಸ್ವಲ್ಪ ತಪ್ಪಿತು. ಗೇರ್‌ಬಾಕ್ಸ್ ಎತ್ತಿದ್ರೆ ಒಂದು ಬೆರಳಷ್ಟು ಸಂದಿ ಉಳಿದು ಒಳಗೆ ಹೋಗಲೇ ಇಲ್ಲ. ಬೋಲ್ಟ್ ಹಾಕಿ ಬಿಗಿ ಮಾಡಿ ಎಳೆಯೋಣ ಅಂತ ನಮ್ಮಲ್ಲೊಬ್ಬರು, ಎಳೆದ್ರೆ ಪ್ಲೇಟೇ ಬಗ್ಗುತ್ತೆ ಅಂತ ಇನ್ನೊಬ್ಬರು. ಜಗಳ ಆಡಿ, ಒಂದು ಗಂಟೆ ಮಾತು ಬಿಟ್ಟು, ಮತ್ತೆ ಇಳಿಸಿ, ಟೇಪ್ ಇನ್ನೊಂದು ಸುತ್ತು ಹಾಕಿ ಕೂರಿಸಿದ್ವಿ. ಈ ಸಲ ಗೇರ್‌ಬಾಕ್ಸು ಬೆಣ್ಣೆ ಹಾಗೆ ಒಳಗೆ ಹೋಯ್ತು. ಬಿಗಿ ಮಾಡಬೇಕು ಅಂದವರು ಯಾರು ಅಂತ ಇಲ್ಲಿ ಬರೆಯೋದಿಲ್ಲ. ‘ನಾವು’ ಅಂದ ಮೇಲೆ ನಾವೇ.

ನಾಲ್ಕನೇ ದಿನ ಬೆಳಿಗ್ಗೆ ದೊಡ್ಡಪ್ಪ ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದು ಕೂತ್ರು. ಒಬ್ಬರು ಪಕ್ಕದ ಸೀಟಿನಲ್ಲಿ, ಒಬ್ಬರು ಸ್ಕೂಟರಿನಲ್ಲಿ. ಅದೇ ಏರು. ಕಾರು ಸಲೀಸಾಗಿ ಹತ್ತಿತು. ದೊಡ್ಡಪ್ಪ ಬಲಗೈ ಎತ್ತಿ ಹಿಂದಿನ ಸ್ಕೂಟರಿಗೆ ಟಾಟಾ ಮಾಡಿದ್ರು. ಪಕ್ಕದಲ್ಲಿದ್ದವರಿಗೆ ಮಾತ್ರ ಕಲಾಸಿಪಾಳ್ಯದ ಮಾತು ನೆನಪಾಗಿ ಕೆಳಗೆ ನೋಡಿದ್ರೆ, ಎಡಗಾಲು ಪೆಡಲ್ ಮೇಲೇ ಇದೆ.

‘ದೊಡ್ಡಪ್ಪ, ಕ್ಲಚ್ ಮೇಲೆ ಕಾಲಿದೆ.’

‘ಇಲ್ವಲ್ಲ, ನೆಲದ ಮೇಲಿದೆ’ ಅಂದ್ರು. ಬೇಕಂತ ಹೇಳಿದ್ದಲ್ಲ. ಅವರು ನಿಜವಾಗಿಯೂ ಹಾಗೇ ಅಂದ್ಕೊಂಡಿದ್ರು.

ಗಾಡಿ ಪಕ್ಕಕ್ಕೆ ಹಾಕಿಸಿದ್ವಿ. ಅವರು ಬಗ್ಗಿ ತಮ್ಮ ಕಾಲನ್ನ ತಾವೇ ನೋಡಿದ್ರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ನಮಗೆ ಬುದ್ಧಿ ಬಂದಾಗಿನಿಂದ. ಮಾತ್ರೆ ತಗೋತಾರೆ, ಕಾಫಿಗೆ ಸಕ್ಕರೆ ಹಾಕಲ್ಲ, ಅಷ್ಟೇ ನಮಗೆ ಗೊತ್ತಿದ್ದದ್ದು. ಡಾಕ್ಟರು ಒಂದು ತೆಳ್ಳನೆ ನೈಲಾನ್ ಎಳೆ ತಗೊಂಡು, ಕಣ್ಣು ಮುಚ್ಚಿಸಿ, ಪಾದದ ಅಲ್ಲಲ್ಲಿ ಮುಟ್ಟಿ ‘ಈಗ ಗೊತ್ತಾಯ್ತಾ?’ ಅಂತ ಕೇಳ್ತಾ ಹೋದ್ರು. ಬಲಗಾಲಿನಲ್ಲಿ ಕೆಲವು ಕಡೆ ‘ಹೂಂ’ ಅಂದ್ರು. ಎಡಗಾಲಿನಲ್ಲಿ ಸುಮ್ಮನಿದ್ರು. ಸಕ್ಕರೆ ತುಂಬಾ ವರ್ಷ ಇದ್ರೆ ನರಗಳಿಗೆ ಪೆಟ್ಟಾಗುತ್ತೆ, ಪಾದದ ಸ್ಪರ್ಶ ನಿಧಾನಕ್ಕೆ ಹೋಗುತ್ತೆ, ಗಾಯ ಆದ್ರೂ ಗೊತ್ತಾಗಲ್ಲ ಅಂತ ಡಾಕ್ಟರು ವಿವರಿಸಿದ್ರು. ಹೆಬ್ಬೆರಳ ಕೆಳಗೆ ಆಗಲೇ ಒಂದು ಸಣ್ಣ ಗಾಯ ಇತ್ತು. ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬಲಗಾಲಿನಲ್ಲೂ ಶುರುವಾಗಿದೆ, ಅದು ಬ್ರೇಕಿನ ಕಾಲು, ಇನ್ನು ಓಡಿಸೋದು ಬೇಡ ಅಂದ್ರು.

ನಾವು ನಾಲ್ಕು ದಿನ ಕಷ್ಟಪಟ್ಟು ರಿಪೇರಿ ಮಾಡಿದ್ದು ದೊಡ್ಡಪ್ಪ ಮತ್ತೆ ಓಡಿಸಲಿ ಅಂತ. ಕೊನೆಗೆ ಓಡಿಸಬೇಡಿ ಅಂತ ಹೇಳಬೇಕಾದವರೂ ನಾವೇ ಆದ್ವಿ, ಯಾಕಂದ್ರೆ ಮನೆಯಲ್ಲಿ ಬೇರೆ ಯಾರಿಗೂ ಅವರಿಗೆ ಹೇಳೋ ಧೈರ್ಯ ಇರಲಿಲ್ಲ. ಅವರು ಕೋಪ ಮಾಡ್ಕೊಳ್ಳಲಿಲ್ಲ. ಎರಡು ದಿನ ಕಾರಿನ ಮೇಲೆ ಬಿದ್ದ ಮಾವಿನ ಎಲೆ ಗುಡಿಸಲಿಲ್ಲ, ಅಷ್ಟೇ. ಮೂರನೇ ದಿನ ಕೀ ತಂದು ಟೇಬಲ್ ಮೇಲಿಟ್ಟು, ‘ಸುಮ್ನೆ ನಿಂತ್ರೆ ತುಕ್ಕು ಹಿಡಿಯುತ್ತೆ’ ಅಂದ್ರು.

ಈಗ ಭಾನುವಾರ ಬೆಳಿಗ್ಗೆ ನಮ್ಮಲ್ಲೊಬ್ಬರು ಓಡಿಸ್ತೀವಿ, ದೊಡ್ಡಪ್ಪ ಎಡಗಡೆ ಸೀಟು. ಕಾಲಿಗೆ ಡಾಕ್ಟರ್ ಹೇಳಿದ ಮೆತ್ತನೆ ಚಪ್ಪಲಿ. ಗಾಯ ಒಣಗಿದೆ. ಗೇರ್ ಬದಲಿಸಿ ಅರೆಕ್ಷಣ ಕಾಲು ಪೆಡಲ್ ಮೇಲೆ ಉಳಿದ್ರೂ ಮೊಟಕು ಬೀಳುತ್ತೆ.

ಇದನ್ನ ಓದ್ತಿರೋರಿಗೆ ಒಂದು ಮಾತು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರೋ ಹಿರಿಯರಿದ್ರೆ ಈ ವೀಕೆಂಡ್ ಹೋದಾಗ ಅವರ ಪಾದ ಒಂದು ಸಲ ನೋಡಿ, ಅಡಿಭಾಗಾನೂ ನೋಡಿ. ಆಮೇಲೆ, ಯಾರ ಹತ್ತಿರನಾದ್ರೂ ಸ್ಯಾನ್ ಸ್ಟಾರ್ಮಿನ ಎಡಗಡೆ ಟೇಲ್ ಲ್ಯಾಂಪ್ ಇದ್ರೆ ನಮಗೆ ಹೇಳಿ.