ಬೀರುವಿನೊಳಗಿನ ಸರ್ಟಿಫಿಕೇಟ್

ಕುಂಬಾರಕೊಪ್ಪಲಿನ ನಮ್ಮ ಮನೆ ಬೀರುವಿನಲ್ಲಿ, ಸೀರೆಗಳ ಕೆಳಗೆ ಒಂದು ಫೈಲ್ ಇದೆ. ಅದರೊಳಗೆ ಅಮ್ಮನ ಬಿ.ಎಡ್. ಅಂಕಪಟ್ಟಿ, 2014ರ ಟಿಇಟಿ ಸರ್ಟಿಫಿಕೇಟ್. 2015ರಲ್ಲಿ ತಮ್ಮ ಹುಟ್ಟುವ ತನಕ ಅಮ್ಮ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡ್ತಿದ್ದಳು. ಆಗ ಕಾನೂನಿನ ಪ್ರಕಾರ ಹೆರಿಗೆ ರಜೆ 12 ವಾರ. ಅದು 26 ವಾರ ಆಗಿದ್ದು 2017ರಲ್ಲಿ. "ಮಗು ಸ್ವಲ್ಪ ದೊಡ್ಡದಾಗ್ಲಿ, ಆಮೇಲೆ ಹೋಗ್ತೀನಿ" ಅಂತ ಬಿಟ್ಟವಳು ಮತ್ತೆ ಹೋಗಲಿಲ್ಲ. ಮದುವೆ, ಮಕ್ಕಳು ಅಂತ ಪಾಠ ಬಿಟ್ಟ ಟೀಚರ್‌ಗಳು ನಮ್ಮ ಬೀದಿಯಲ್ಲೇ ಇನ್ನೂ ಇಬ್ಬರಿದ್ದಾರೆ.

ನಾವು ಅಕ್ಕ ತಂಗಿ ಇಬ್ಬರೂ ಇಂಗ್ಲಿಷ್ ಮೀಡಿಯಂ. ಕನ್ನಡ ಪೇಪರ್ ಓದೋದು ಕಲಿಸಿದ್ದು ಅಮ್ಮ. ಪಿಯುಸಿಯಲ್ಲಿ ಇಂಟಿಗ್ರೇಷನ್ ನಮ್ಮ ತಲೆಗೆ ಹತ್ತಿದ್ದೂ ಅಮ್ಮನಿಂದಲೇ. ಅದಕ್ಕೇ ಈ ರಜೆಯಲ್ಲಿ ಹಟ ಹಿಡಿದ್ವಿ: "ಅಮ್ಮ, ಮತ್ತೆ ಸ್ಕೂಲಿಗೆ ಹೋಗು."

"ಟಿಇಟಿ ಏಳು ವರ್ಷಕ್ಕೇ ಮುಗೀತು ಕಣ್ರೇ" ಅಂದಳು. ಹುಡುಕಿ ನೋಡಿದ್ವಿ. 2021ರಲ್ಲೇ ಕೇಂದ್ರ ಸರ್ಕಾರ ಅದನ್ನ ಜೀವನಪೂರ್ತಿ ಮಾನ್ಯ ಮಾಡಿದೆ, 2011ರಿಂದ ಪಾಸಾದವರನ್ನೂ ಸೇರಿಸಿ! ನಾವು ಗೆದ್ವಿ ಅಂದುಕೊಂಡ್ವಿ.

"ಸರಿ, ಎಂಟು ಗಂಟೆಗೆ ನಾನು ಹೊರಟರೆ ನಿಮ್ಮ ಡಬ್ಬಿ ಕಟ್ಟೋರ್ಯಾರು? ನಾಲ್ಕಕ್ಕೆ ತಮ್ಮ ಬಂದರೆ ಬಾಗಿಲು ತೆಗೆಯೋರ್ಯಾರು?"

ನಾವು ಮುಖ ಮುಖ ನೋಡಿಕೊಂಡ್ವಿ.

ಇಂಗ್ಲೆಂಡಿನಲ್ಲಿ ಮದುವೆಯಾದಳು ಅನ್ನೋ ಕಾರಣಕ್ಕೆ ಟೀಚರನ್ನ ಕೆಲಸದಿಂದ ತೆಗೆಯೋದನ್ನ ನಿಲ್ಲಿಸೋಕೆ 1944ರ ಶಿಕ್ಷಣ ಕಾಯ್ದೆಯೇ ಬರಬೇಕಾಯ್ತು. ನಮ್ಮನೆಯಲ್ಲಿ ಅಂಥ ನಿಯಮವನ್ನ ಯಾರೂ ಬರೆದಿಟ್ಟಿರಲಿಲ್ಲ. ಆದ್ರೂ ಹತ್ತು ವರ್ಷ ಅದೇ ನಡೀತು, ಅದರ ಬಿಸಿ ಊಟ ಉಂಡವರು ನಾವೇ.

"ಧೈರ್ಯ ಮಾಡಮ್ಮ" ಅನ್ನೋದು ಸುಲಭ. ಈಗ ಡಬ್ಬಿ ನಾವೇ ಕಟ್ಕೋತೀವಿ. ಉಪ್ಪಿಟ್ಟು ಎರಡು ಸಲ ತಳ ಹಿಡೀತು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಅಪ್ಪ, ಬೆಳಗಿನ ಪಾಳಿ ಇರುವ ವಾರ ತಮ್ಮನನ್ನ ನೋಡ್ಕೋತಾರೆ. ಉಳಿದ ವಾರ ಎದುರುಮನೆ ಅಜ್ಜಿ. ಶಾಲೆಗಳೂ ಒಂದು ಹೆಜ್ಜೆ ಮುಂದೆ ಬರಬೇಕು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನ ನೋಡಿಕೊಳ್ಳೋ ವ್ಯವಸ್ಥೆ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿತ್ತು. ಅರ್ಧ ದಿನದ ಕ್ಲಾಸ್ ಕೊಟ್ಟರೂ ಎದುರುಬೀದಿಯ ಟೀಚರ್ ನಾಳೆಯೇ ಹೊರಡೋಕೆ ರೆಡಿ ಅಂತಾರೆ.

ಅಮ್ಮ ಇನ್ನೂ ಎಲ್ಲೂ ಅರ್ಜಿ ಹಾಕಿಲ್ಲ. ಮೊನ್ನೆ ಮಾತ್ರ ಆ ಫೈಲ್ ತೆಗೆದು ಕೊಟ್ಟು, "ಇದನ್ನ ಎರಡು ಸೆಟ್ ಜೆರಾಕ್ಸ್ ಮಾಡಿಸ್ಕೊಂಡ್ ಬನ್ನಿ" ಅಂದಳು.

ನಾವು ಐದು ಮಾಡಿಸಿದ್ವಿ.